ಹೆಜ್ಜೆ ಎಣಿಸುವ ಮೊದಲು ಕೈ ನೋಡಿ

ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಯಾರಾದರೂ ಓಡುತ್ತ ಬಂದು, ಬುಟ್ಟಿಯ ಹತ್ತಿರ ಜಿಗಿದು ಚೆಂಡು ಹಾಕುವ ಲೇಅಪ್ ಮಾಡಿದರೆ ಸಾಕು, ಬದಿಯಲ್ಲಿ ಕುಳಿತವರಿಂದ ‘ಸ್ಟೆಪ್ಸ್, ಸ್ಟೆಪ್ಸ್’, ಅಂದರೆ ಚೆಂಡು ಹಿಡಿದು ಮಿತಿಮೀರಿ ಹೆಜ್ಜೆ ಇಟ್ಟರು ಎಂಬ ಕೂಗು ಏಳುತ್ತದೆ. ಕೂಗುವವರು ಪಾದಗಳನ್ನು ಪ್ರಾಮಾಣಿಕವಾಗಿಯೇ ಎಣಿಸಿರುತ್ತಾರೆ. ಎಣಿಕೆಯನ್ನು ಎಲ್ಲಿಂದ ಆರಂಭಿಸಬೇಕೆಂಬಲ್ಲಿ ಮಾತ್ರ ಎಡವಿರುತ್ತಾರೆ.

2017ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಂತೆ, ಓಟದಲ್ಲಿರುವಾಗ ಚೆಂಡನ್ನು ಹಿಡಿದ ಅಥವಾ ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವುದು) ಮುಗಿಸಿದ ಆಟಗಾರ ನಿಲ್ಲುವುದಕ್ಕಾಗಲಿ, ಪಾಸ್ ಕೊಡುವುದಕ್ಕಾಗಲಿ, ಬುಟ್ಟಿಗೆ ಎಸೆಯುವುದಕ್ಕಾಗಲಿ ಎರಡು ಹೆಜ್ಜೆ ಇಡಬಹುದು. ಚೆಂಡು ಹತೋಟಿಗೆ ಬಂದ ನಂತರ ನೆಲ ಮುಟ್ಟುವ ಪಾದವೇ ಮೊದಲ ಹೆಜ್ಜೆ. ಹತೋಟಿ ಸಿಕ್ಕ ಆ ಕ್ಷಣದಲ್ಲಿ ಆಗಲೇ ನೆಲದ ಮೇಲಿದ್ದ ಪಾದ ಲೆಕ್ಕಕ್ಕಿಲ್ಲ; ಅದನ್ನು ಆಟಗಾರರು ‘ಝೀರೋ ಸ್ಟೆಪ್’ ಎನ್ನುತ್ತಾರೆ. ಹಾಗಾಗಿ ಬದಿಯಲ್ಲಿ ಕುಳಿತವರ ಕಣ್ಣಿಗೆ ಮೂರು ಹೆಜ್ಜೆಗಳಾಗಿ ಕಂಡದ್ದು ನಿಯಮದ ಲೆಕ್ಕದಲ್ಲಿ ಎರಡೇ ಆಗಿರಬಹುದು.

ಇದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಧಾರಾಳತನ ನಮ್ಮ ಆಟಕ್ಕೂ ತಗುಲಿಸಿದ ಜಾಡ್ಯ ಎಂದು ಗೊಣಗುವ ಹಿರಿಯ ಆಟಗಾರರನ್ನು ನಾನು ಬಲ್ಲೆ. ಅವರ ಮೇಲೆ ಗೌರವವಿದ್ದರೂ ಈ ಮಾತನ್ನು ಒಪ್ಪಲಾರೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್, ಚೆಂಡು ಹಿಡಿದು ಓಡಕೂಡದು, ಹಿಡಿದ ಜಾಗದಿಂದಲೇ ಎಸೆಯಬೇಕು ಎಂದು ತಮ್ಮ 13 ನಿಯಮಗಳಲ್ಲಿ ಮೂರನೆಯದಾಗಿ ಬರೆದರು. ಆದರೆ ವೇಗವಾಗಿ ಓಡುತ್ತಿರುವಾಗ ಚೆಂಡು ಹಿಡಿದವನು ನಿಲ್ಲಲು ಯತ್ನಿಸುತ್ತಿದ್ದರೆ ಅವನಿಗೆ ರಿಯಾಯಿತಿ ಇರಲಿ ಎಂದೂ ಅದೇ ನಿಯಮದಲ್ಲಿ ಸೇರಿಸಿದರು. ಡ್ರಿಬ್ಲಿಂಗ್ ಎಂಬುದೇ ಆ ನಿಯಮಗಳಲ್ಲಿ ಇರಲಿಲ್ಲ, ಓಟಕ್ಕೆ ಕೊಟ್ಟ ರಿಯಾಯಿತಿ ಮಾತ್ರ ಆಗಲೇ ಇತ್ತು.

ಹೆಜ್ಜೆಯ ತಕರಾರುಗಳಲ್ಲಿ ಅನೇಕವು ನಿಜಕ್ಕೂ ಡ್ರಿಬಲ್ ಯಾವಾಗ ಮುಗಿಯಿತು ಎಂಬ ತಕರಾರುಗಳು. ಎರಡೂ ಕೈಗಳು ಒಟ್ಟಿಗೆ ಚೆಂಡನ್ನು ಮುಟ್ಟಿದಾಗ, ಇಲ್ಲವೇ ಅದು ಒಂದು ಕೈಯಲ್ಲಾದರೂ ವಿಶ್ರಮಿಸಿದಾಗ ಡ್ರಿಬಲ್ ಮುಗಿಯುತ್ತದೆ. ಚೆಂಡು ಕೈಯಿಂದ ಬಿಟ್ಟಿರುವಷ್ಟು ಹೊತ್ತು ಹೆಜ್ಜೆಗಳಿಗೆ ಮಿತಿಯೇ ಇಲ್ಲ. ಎತ್ತರಕ್ಕೆ ಪುಟಿಸಿ ನಾಲ್ಕು ಹೆಜ್ಜೆ ಓಡಿದವನನ್ನು ತಡೆಯಲು ಯಾವ ನಿಯಮವೂ ಇಲ್ಲ. ಡ್ರಿಬಲ್ ಆರಂಭಿಸುವಾಗ ಅಥವಾ ಮುಗಿಸುವಾಗ ಚೆಂಡು ಅಕಸ್ಮಾತ್ ಜಾರಿಹೋಗಿ, ಅದನ್ನು ಮತ್ತೆ ಹಿಡಿದುಕೊಂಡರೆ ಆ ಜಾರಿಕೆಯನ್ನು ಇನ್ನೊಂದು ಡ್ರಿಬಲ್ ಎಂದು ಎಣಿಸುವುದಿಲ್ಲ. ಜಾರಿದ್ದು ನಿಜವೋ ನಟನೆಯೋ ಎಂಬುದನ್ನು ಮಾತ್ರ ರೆಫರಿಯೇ ನಿರ್ಧರಿಸಬೇಕು, ಅಲ್ಲಿ ಪುಸ್ತಕ ಅವರ ನೆರವಿಗೆ ಬರುವುದಿಲ್ಲ.

ಹಾಗೆಂದು ನಾನು ಟ್ರಾವೆಲಿಂಗ್ (ಚೆಂಡು ಹಿಡಿದು ನಿಯಮ ಮೀರಿ ಕಾಲು ಚಲಿಸುವ ತಪ್ಪು) ವಿಷಯದಲ್ಲಿ ಉದಾರಿಯೇನಲ್ಲ. ಚೆಂಡು ಹಿಡಿದು ನಿಂತಲ್ಲಿಂದ ಡ್ರಿಬಲ್ ಆರಂಭಿಸುವವರು ಚೆಂಡು ಕೈಬಿಡುವ ಮೊದಲು ಪಿವಟ್ ಕಾಲನ್ನು (ತಿರುಗುವಾಗ ಆಧಾರವಾಗಿ ಊರಿಟ್ಟ ಕಾಲು) ನೆಲದಿಂದ ಎತ್ತುವಂತಿಲ್ಲ. ನಮ್ಮ ಅಂಕಣದಲ್ಲಿ ಎದುರಾಳಿಯನ್ನು ದಾಟುವ ಆತುರದಲ್ಲಿ ಅರ್ಧದಷ್ಟು ಜನ ಇದನ್ನೇ ಮಾಡುತ್ತಾರೆ, ಅದರಿಂದ ಸಿಗುವ ಅರ್ಧ ಹೆಜ್ಜೆಯ ಲಾಭವೂ ಸಣ್ಣದಲ್ಲ. ಲೇಅಪ್‌ಗೆ ಗಂಟಲು ಹರಿಯುವಂತೆ ಕೂಗಿದವರು ಆಗ ನೀರಿನ ಬಾಟಲಿ ಹುಡುಕುತ್ತಿರುತ್ತಾರೆ.