ಪರ-ವಿರೋಧ: ಅರ್ಕಾವತಿ ಜಲಾನಯನ ಪ್ರದೇಶದಲ್ಲಿ ಕಟ್ಟಡಗಳಿಗೆ ಮತ್ತೆ ಬಿಗಿ ನಿರ್ಬಂಧ ಬೇಕಾ?

ಪರ: ಬೇಕೇ ಬೇಕು, ಈಗ್ಲೇ ಬೇಕು

ನಮ್ಮ ಬೆಂಗಳೂರು ಗ್ರಾಮಾಂತರದ ಕಡೆ ವರ್ಷಪೂರ್ತಿ ಹರಿಯೋ ನದಿ ಅಂತ ಒಂದೂ ಇಲ್ಲ. ಇರೋದೆಲ್ಲ ಕೆರೆ, ಒಂದು ಕೋಡಿ ಬಿದ್ರೆ ಕಾಲುವೇಲಿ ನೀರು ಮುಂದಿನ ಕೆರೆಗೆ. ನಂದಿಬೆಟ್ಟದಲ್ಲಿ ಹುಟ್ಟೋ ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನ ತುಂಬಿಸ್ಕೊಂಡು ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಹೋಗ್ತಿದ್ದಿದ್ದು ಹಿಂಗೇ. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಬಂದಿದ್ದೇ ಹೆಸರಘಟ್ಟದಿಂದ, ಅದು ಸಾಲ್ದೆ 1933ರಲ್ಲಿ ಅರ್ಕಾವತಿಗೆ ಕುಮುದ್ವತಿ ಸೇರೋ ಕಡೆ ತಿಪ್ಪಗೊಂಡನಹಳ್ಳಿ ಡ್ಯಾಮ್ ಆಯ್ತು. ಅಷ್ಟು ದೊಡ್ಡ ಊರಿಗೆ ನೀರು ಕುಡಿಸಿದ ಡ್ಯಾಮು, 2012ರ ಹೊತ್ತಿಗೆ ಕೊಳಚೆ ತುಂಬಿ ಅದ್ರಿಂದ ಕುಡಿಯೋಕೆ ನೀರೆತ್ತೋದನ್ನೇ ನಿಲ್ಲಿಸ್ಬೇಕಾಯ್ತು!

ಇದು ಯಾರಿಗೂ ಗೊತ್ತಿಲ್ದೆ ಆಗಿದ್ದಲ್ಲ. 2003ರ ನವೆಂಬರಲ್ಲೇ ಸರ್ಕಾರ ಇಲ್ಲಿ ವಲಯ ಗುರುತು ಮಾಡಿ, ನೀರಿನ ಹತ್ರ ಏನೇನು ಕಟ್ಟಬಾರ್ದು ಅಂತ ಆದೇಶ ಹೊರಡಿಸಿತ್ತು. 2019ರಲ್ಲಿ ಅದನ್ನೇ ಸಡಿಲ ಮಾಡಿದ್ರು. ಇದ್ದ ಒಂದು ಬೇಲೀನೂ ನಾವೇ ಕಿತ್ತು ಹಾಕಿದ್ವಿ.

ದೊಡ್ಡಬಳ್ಳಾಪುರದ ಹತ್ರ ಇರೋ ದೊಡ್ಡತುಮಕೂರು ಕೆರೆ ನೋಡಿ, ಚಿಕ್ಕತುಮಕೂರು ಕೆರೆ ನೋಡಿ. ಪಟ್ಟಣದ ಕೊಳಚೆ, ಫ್ಯಾಕ್ಟರಿಗಳ ನೀರು ಬಂದು ಸೇರ್ತಿದೆ ಅಂತ ಅಲ್ಲಿನ ಜನ ಬೀದಿಗಿಳಿದು ಹೋರಾಡಿದ್ರು. ನಮ್ಮಕ್ಕನ ಗಂಡನ ಮನೆ ಆ ಕಡೇನೇ. ಎರಡು ಸೀಮೆಹಸು ಇದಾವೆ, ಕೆರೆ ಪಕ್ಕದಲ್ಲೇ ಮೇಯಿಸಿದ್ರೂ ನೀರಿಗೆ ಬಿಡಲ್ಲ, ಹೊಡ್ಕೊಂಡು ವಾಪಸ್ ಬರ್ತಾಳೆ. ಬೋರ್ ನೀರು ಬಾಯಿಗೆ ಹಾಕೋ ಹಂಗಿಲ್ಲ, ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಸೊಂಟದ ಮೇಲೆ ಹೊತ್ಕೊಂಡು ಬರ್ಬೇಕು. ಕೆರೆ ಏರಿ ಮೇಲೇ ನಡ್ಕೊಂಡು ಬರ್ತಾಳೆ ಕ್ಯಾನ್ ಹೊತ್ಕೊಂಡು. ಇದನ್ನ ಅಭಿವೃದ್ಧಿ ಅಂತ ಹೇಗ್ರೀ ಕರೆಯೋದು?

ರೈತ್ರಿಗೆ ನಷ್ಟ ಆಗುತ್ತೆ ಅಂತಾರಲ್ಲ, ಹಂಗೆ ಹೇಳೋರು ರೈತ್ರಲ್ಲ, ಸೈಟ್ ಬ್ರೋಕರ್‌ಗಳು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತ್ರನ್ನ ಕೇಳಿ. 1,777 ಎಕರೆ ಕೊಡಲ್ಲ ಅಂತ ಮೂರು ವರ್ಷಕ್ಕೂ ಮೇಲೆ ಧರಣಿ ಕೂತ್ರು, 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಡ್ತು. ಭೂಮಿ ಬೇಕು ಅಂದಿದ್ದು ರೈತ್ರೇ, ನೀರು ಬೇಕು ಅನ್ನೋರೂ ಅವ್ರೇ. ಹೆಸರಘಟ್ಟದ ಹುಲ್ಲುಗಾವಲಿಗೂ ಖಾಲಿ ಜಾಗ ಅಂತ ಫಿಲ್ಮ್ ಸಿಟಿ ತರೋಕೆ ಹೊರಟಿದ್ರು. ಮಳೆ ನೀರು ಇಂಗೋ ಜಾಗ ಖಾಲಿ ಅಲ್ಲ. 2003ರ ಆದೇಶ ಇದ್ದಿದ್ದು ಇದ್ದ ಹಂಗೆ ವಾಪಸ್ ಬರ್ಬೇಕು, ಒಂದು ಅಡಿ ರಿಯಾಯ್ತಿನೂ ಬೇಡ.

ವಿರೋಧ: ಗೆರೆ ಎಳೆದ್ರೆ ಕೆರೆ ತುಂಬಲ್ಲ

ಈ ಕಡೆ ಬರೀರಿ ಅಂತ ನನಗೆ ಹೇಳಿದ್ರು, ಕೆರೆ ಉಳೀಬೇಕು ಅನ್ನೋದ್ರಲ್ಲಿ ನಂದೂ ತಕರಾರಿಲ್ಲ. ಆದ್ರೆ ಅರ್ಕಾವತಿ ಬತ್ತಿದ್ದಕ್ಕೆ ಬರೀ ಕಟ್ಟಡ ಕಾರಣ ಅಲ್ಲ. ಎಕರೆಗಟ್ಟಲೆ ನೀಲಗಿರಿ ಹಾಕಿದ್ವಿ, ಸಾವಿರ ಅಡಿ ಬೋರ್ ಕೊರೆಸಿದ್ವಿ. ಹೊಸದಾಗಿ ನೀಲಗಿರಿ ನೆಡಬಾರ್ದು ಅಂತ ಸರ್ಕಾರ ಹೇಳಿದ್ದು 2017ರಲ್ಲಿ, ಅಷ್ಟೊತ್ತಿಗೆ ಅಂತರ್ಜಲ ಪಾತಾಳ ಸೇರಿತ್ತು.

ಇನ್ನು ರೈತ್ರ ವಿಷ್ಯ. ನಮ್ಮ ಚಿಕ್ಕಪ್ಪಂದು ಹೊಳೆ ಪಕ್ಕ ಎರಡು ಎಕರೆ ಇತ್ತು, ರಾಗಿ, ಒಂದಿಷ್ಟು ಅವರೆ. ಮಗಳನ್ನ ನರ್ಸಿಂಗ್‌ಗೆ ಸೇರಿಸ್ಬೇಕಿತ್ತು, ರೋಡ್ ಕಡೆ ನಾಲ್ಕು ಬಾಡಿಗೆ ರೂಮು ಕಟ್ಟೋಣ ಅಂತ ಕನ್ವರ್ಷನ್‌ಗೆ ಅರ್ಜಿ ಹಾಕಿದ್ರು. ವಲಯದೊಳಗೆ ಬರುತ್ತೆ, ಆಗಲ್ಲ ಅಂತ ಫೈಲ್ ವಾಪಸ್ ಬಂತು. ಕಟ್ಟೋ ಹಂಗಿಲ್ಲದ ಜಮೀನಿಗೆ ಯಾರು ಒಳ್ಳೆ ಬೆಲೆ ಕೊಡ್ತಾರೆ, ಕೊನೆಗೆ ಸಿಕ್ಕಿದ ರೇಟಿಗೆ ಕೊಟ್ಬಿಟ್ರು. ತಗೊಂಡೋರು ಕಾಯೋ ಶಕ್ತಿ ಇದ್ದೋರು, ಕಾದ್ರು. 2019ರಲ್ಲಿ ರೂಲ್ಸ್ ಸಡಿಲ ಆಯ್ತು, ಈಗ ಅಲ್ಲಿ ಕಾಂಪೌಂಡು, ಗೇಟು, ಸೈಟ್ ನಂಬರ್ ಬರೆದ ಕಲ್ಲುಗಳು. ಚಿಕ್ಕಮ್ಮ ಆ ರೋಡಲ್ಲಿ ಹೋಗೋ ಬಸ್ಸೇ ಹತ್ತಲ್ಲ. ಬಿಗಿ ಮಾಡ್ದಾಗ ಪೆಟ್ಟು ತಿಂದಿದ್ದು ಎರಡು ಎಕರೆಯವ್ರು, ಸಡಿಲ ಆದಾಗ ದುಡ್ಡು ಮಾಡ್ಕೊಂಡಿದ್ದು ಇನ್ಯಾರೋ. ಮತ್ತೆ ಬಿಗಿ ಮಾಡಿ ಅನ್ನೋರು ಇದಕ್ಕೆ ಏನು ಮಾಡ್ತಾರಂತೆ?

ನಿರ್ಬಂಧ ಹಾಕ್ಲೇಬೇಕು ಅಂದ್ರೆ ಹಾಕಿ, ಆದ್ರೆ ಆ ಜಮೀನು ಹಂಗೇ ಉಳಿಸ್ಕೊಳ್ಳೋರಿಗೆ ವರ್ಷಾವರ್ಷ ಎಕರೆಗೆ ಇಷ್ಟು ಅಂತ ಕೊಡಿ. ಕೊಳಚೆ ಶುದ್ಧ ಮಾಡೋ ಘಟಕ ಪಟ್ಟಣದಲ್ಲಿ ಮೊದ್ಲು ಆಗ್ಲಿ, ಕೆರೆಗೆ ಹೊಲಸು ಬರ್ತಿರೋದು ಅಲ್ಲಿಂದ, ಚಿಕ್ಕಪ್ಪನ ರಾಗಿ ಹೊಲದಿಂದ ಅಲ್ಲ.