ಒಂದೇ ಗುಂಡಿಗೆ 186 ಫೈಲು

ನಮ್ಮ ಕಾಸರಗೋಡು ಸೀಮೆಯ ಒಂದು ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಸಂದೇಶ, ಲೇಖನ, ಕವನ, ಜಾಹೀರಾತು ಎಲ್ಲ ಸೇರಿ 186 ವರ್ಡ್ ಫೈಲುಗಳು ಒಟ್ಟಾಗಿದ್ದವು. ಪುಟಗಳನ್ನು ನಾವೇ ಕಟ್ಟಿದ್ದೆವು. ಮಂಗಳೂರಿನ ಮುದ್ರಣಾಲಯದವರು ಅಚ್ಚು ಹಾಕಿದರೆ ಆಯಿತು. ಆದರೆ ಪ್ರತಿಯೊಂದನ್ನೂ ಪಿಡಿಎಫ್ ಮಾಡಿಯೇ ಕೊಡಬೇಕೆಂದು ಅವರು ಪಟ್ಟು ಹಿಡಿದರು. ಅದರಲ್ಲಿ ನ್ಯಾಯವಿತ್ತು. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಬೆರಳಚ್ಚಾದ ಫೈಲನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ 'ಕನ್ನಡ' ಎಂಬ ಪದವೇ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡು, ಜರ್ಮನರ ಒಂದು ಅಕ್ಷರ ಎಂದು ದೇಶಾಂತರ ಹೊರಟುಬಿಡುತ್ತದೆ. ಪಿಡಿಎಫ್ ಆದರೆ ಫಾಂಟನ್ನು ತನ್ನೊಳಗೇ ಕಟ್ಟಿಕೊಂಡು ಹೋಗುತ್ತದೆ.

"ಮಾಷ್ಟ್ರೇ, ನಿಮಗೆ ಪೆನ್ಶನ್ ಉಂಟು, ಸಮಯವೂ ಉಂಟು, ಕಂಪ್ಯೂಟರೂ ಉಂಟು" ಎಂದು ಅಧ್ಯಕ್ಷರು ಪೆನ್‌ಡ್ರೈವನ್ನು ನನ್ನ ಕೈಗಿತ್ತರು.

ಒಂದು ಫೈಲನ್ನು ತೆರೆದು, ಪಿಡಿಎಫ್ ಆಗಿ ಉಳಿಸಿ, ಮುಚ್ಚುವುದಕ್ಕೆ 40 ಸೆಕೆಂಡು ಹಿಡಿಯುತ್ತಿತ್ತು. 186ನ್ನು 40ರಿಂದ ಗುಣಿಸಿದರೆ ಬರುವುದು 2 ಗಂಟೆ 4 ನಿಮಿಷ. ಆಯುಷ್ಯವಿಡೀ ಗಣಿತ ಕಲಿಸಿದವನಿಗೆ ಈ ಲೆಕ್ಕ ಬಾಯಲ್ಲೇ ಬಂತು. ಆದರೆ ಒಂದೇ ಕೆಲಸವನ್ನು 186 ಸಲ ಮಾಡುವುದು ವಿದ್ಯಾವಂತನಿಗೆ ಶೋಭೆಯಲ್ಲವೆಂಬ ದುರ್ಬುದ್ಧಿಯೂ ಅದರ ಬೆನ್ನಿಗೇ ಬಂತು. ವರ್ಡಿನಲ್ಲಿ ಮ್ಯಾಕ್ರೋ ಎಂಬುದೊಂದಿದೆ, ನಾವು ಮಾಡಿದ್ದನ್ನು ನೋಡಿಟ್ಟುಕೊಂಡು ಮತ್ತೆ ತಾನೇ ಮಾಡುತ್ತದೆ ಎಂದು ಎಲ್ಲೋ ಓದಿದ್ದೆ. ಅದನ್ನೇ ಹಿಡಿದೆ.

ರೆಕಾರ್ಡರ್ ಚಾಲೂ ಮಾಡಿ, ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುರಿತ ಲೇಖನವನ್ನು ತೆರೆದು, ಪಿಡಿಎಫ್ ಮಾಡಿ ಮುಚ್ಚಿದೆ. ಆಮೇಲೆ, ಅಡಿಕೆ ಸುಲಿಯಲು ಕುಳಿತವರ ಕೈಗೆ ಬರುವ ಲಯದಲ್ಲಿ, ಆ ಮ್ಯಾಕ್ರೋಗೆ ಕೊಟ್ಟಿದ್ದ ಕೀಲಿಯನ್ನು ಮೂವತ್ತು ಸಲ ಒತ್ತಿದೆ. ಪರದೆ ಮೂವತ್ತು ಸಲ ಮಿನುಗಿತು. ಫೋಲ್ಡರಿನಲ್ಲಿ ನೋಡಿದರೆ ಇದ್ದದ್ದು ಒಂದೇ ಪಿಡಿಎಫ್. ರೆಕಾರ್ಡರ್ ನನ್ನ ಇಂಗಿತವನ್ನಲ್ಲ, ಫೈಲಿನ ಹೆಸರನ್ನು ಬರೆದುಕೊಂಡಿತ್ತು. ಆದ್ದರಿಂದ ಪಾರ್ತಿಸುಬ್ಬನೊಬ್ಬನೇ ಮೂವತ್ತು ಸಲ ರಂಗಕ್ಕೆ ಬಂದು ಹೋಗಿದ್ದ, ಉಳಿದ ವೇಷಗಳೆಲ್ಲ ಬಣ್ಣ ಹಚ್ಚುವ ಚೌಕಿಯಲ್ಲೇ ಕುಳಿತಿದ್ದವು.

ಮರುದಿನ ನಾನೇ ಕೋಡ್ ಬರೆಯಲು ಕುಳಿತೆ. ಫೋಲ್ಡರಿನ ಫೈಲುಗಳನ್ನು ಒಂದೊಂದಾಗಿ ಕರೆಯಲು 'ಡಿರ್' ಎಂಬ ಆಜ್ಞೆಯಿದೆ. ಅದು ಬಂದ ಹೆಸರಿನ ಕೊನೆಯ ನಾಲ್ಕು ಅಕ್ಷರಗಳನ್ನು, ಅಂದರೆ ಚುಕ್ಕೆಯನ್ನೂ 'ಡಿಒಸಿ'ಯನ್ನೂ ಕತ್ತರಿಸಿ, ಆ ಜಾಗಕ್ಕೆ 'ಚುಕ್ಕೆ ಪಿಡಿಎಫ್' ಅಂಟಿಸುವಂತೆ ಬರೆದೆ. ಹಳೆಯ ಡಾಕ್ ಫೈಲುಗಳು ಸರಿಯಾಗಿಯೇ ಬಂದವು. ಹೊಸ ಡಾಕ್ಸ್ ಫೈಲುಗಳ ಬಾಲ ಒಂದಕ್ಷರ ಉದ್ದವಿರುವುದರಿಂದ ಅವುಗಳ ಚುಕ್ಕೆ ಹಾಗೆಯೇ ಉಳಿದು, ಪಿಡಿಎಫ್‌ನ ಹೆಸರಿನಲ್ಲಿ ಎರಡೆರಡು ಚುಕ್ಕೆಗಳಾದವು. ಕಣ್ಣಿಗೆ ಚುಚ್ಚಿತೇ ಹೊರತು ಕೆಲಸವೇನೂ ಕೆಡಲಿಲ್ಲ. ಅದನ್ನು ಅಲ್ಲಿಗೇ ಬಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಮ್ಯಾಕ್ರೋ ನಿಂತದ್ದು ಕನ್ನಡದಲ್ಲೇ ಹೆಸರಿಟ್ಟ ಫೈಲುಗಳ ಎದುರು. ಈ ಡಿರ್ ಯೂನಿಕೋಡ್ ಬಾರದ ಕಾಲದ್ದು. ತನಗೆ ತಿಳಿಯದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಬಳಿಕ ಆ ಹೆಸರಿನ ಫೈಲು ಸಿಗುವುದಿಲ್ಲವೆಂದು ನನ್ನನ್ನೇ ದೂರುತ್ತದೆ. 'ಪಾರ್ತಿಸುಬ್ಬ' ಎಂಬಲ್ಲಿ ನಮ್ಮ ಕಣ್ಣಿಗೆ ಇರುವುದು ನಾಲ್ಕಕ್ಷರ. ಪರದೆಯ ಮೇಲೆ ಸಾಲಾಗಿ ನಿಂತದ್ದು ಹನ್ನೊಂದು ಪ್ರಶ್ನೆಗಳು. ದೀರ್ಘ, ಗುಣಿಸು, ಕೊಂಬು, ಒತ್ತಕ್ಷರ ಕೂಡಿಸುವ ವಿರಾಮ ಎಲ್ಲಕ್ಕೂ ಯಂತ್ರದ ಲೆಕ್ಕದಲ್ಲಿ ಒಂದೊಂದು ಸ್ಥಾನವಿದೆಯಂತೆ. ಬರೆದ ಅರ್ಜಿಗೆ ಬೇರೆ ಭಾಷೆಯಲ್ಲಿ ಉತ್ತರ ಬರುವುದು ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಅಭ್ಯಾಸವಾಗಿರುವ ನಮಗೆ, ಕನ್ನಡವನ್ನು ಪ್ರಶ್ನೆಯಾಗಿ ಓದುವ ಯಂತ್ರದಿಂದ ವಿಶೇಷ ಆಘಾತವೇನೂ ಆಗಲಿಲ್ಲ.

ಇದಕ್ಕೆ ಮದ್ದು 'ಫೈಲ್ ಸಿಸ್ಟಮ್ ಆಬ್ಜೆಕ್ಟ್' ಎಂಬ ಇನ್ನೊಂದು ದಾರಿ. ಅದಕ್ಕೆ ಕನ್ನಡದ ಹೆಸರು ತಿಳಿಯುತ್ತದೆ. ಮೇಲಾಗಿ ಬಾಲ ಮೂರಕ್ಷರದ್ದಿರಲಿ ನಾಲ್ಕಕ್ಷರದ್ದಿರಲಿ, ಅದನ್ನು ಚುಕ್ಕೆಸಮೇತ ತೆಗೆದು ಶುದ್ಧವಾದ ಮೂಲನಾಮವನ್ನು ಕೊಡುತ್ತದೆ. ಮೂರನೆಯ ದಿನ ಸಂಜೆ, ಹೊರಗೆ ಆಷಾಢದ ಮಳೆ ಹೊಯ್ಯುತ್ತಿದ್ದಾಗ, ಕರೆಂಟು ಹೋಗುವುದಕ್ಕೆ ಮೊದಲೇ ಗುಂಡಿ ಒತ್ತಿದೆ. ಒಂದೇ ಒಂದು ತಕರಾರಿಲ್ಲದೆ ಮ್ಯಾಕ್ರೋ ಕೊನೆಯವರೆಗೂ ಓಡಿತು. ಆ ಸಂತೋಷದಲ್ಲಿ, ಹುಟ್ಟಿದ ಪಿಡಿಎಫ್‌ಗಳು 186 ಅಲ್ಲ, 179 ಎಂಬುದನ್ನು ನಾನು ಎಣಿಸಿ ನೋಡಲಿಲ್ಲ.

ಆ ಏಳು ಎಲ್ಲಿಗೆ ಹೋದವೆಂಬುದು ಸಂಚಿಕೆ ಅಚ್ಚಾಗಿ ಬಂದ ದಿನ ತಿಳಿಯಿತು. ನಮ್ಮ ಕರಡು ತಿದ್ದುವವರ ಮನೆಯಲ್ಲಿದ್ದದ್ದು ಹಳೆಯ ವರ್ಡ್. ನಾನು ಕಳಿಸಿದ ಏಳು ಡಾಕ್ಸ್ ಫೈಲುಗಳನ್ನು ಅವರು ತಿದ್ದಿ, ಅದೇ ಹೆಸರಿನಲ್ಲಿ ಡಾಕ್ ಮಾಡಿ ಹಿಂದಿರುಗಿಸಿದ್ದರು. ತಿದ್ದಿದ್ದೂ ತಿದ್ದದ್ದೂ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಕುಳಿತಿದ್ದವು. ಎರಡು ಚುಕ್ಕೆಗಳಿದ್ದಾಗ ಅವು ಬೇರೆಬೇರೆಯಾಗಿಯೇ ಉಳಿಯುತ್ತಿದ್ದವು. ನಾನು ಶುದ್ಧಿ ಮಾಡಿದ ಮೇಲೆ ಎರಡಕ್ಕೂ ಒಂದೇ ಹೆಸರಾಗಿ, ಮೊದಲು ತಿದ್ದಿದ ಡಾಕ್‌ನಿಂದ ಹುಟ್ಟಿದ ಪಿಡಿಎಫ್ ಮೇಲೆ ಆಮೇಲೆ ತಿದ್ದದ ಡಾಕ್ಸ್‌ನಿಂದ ಹುಟ್ಟಿದ್ದು ಸದ್ದಿಲ್ಲದೆ ಹತ್ತಿ ಕುಳಿತಿತ್ತು. ಕೈಯಲ್ಲಿ ಉಳಿಸುವಾಗ "ಈ ಹೆಸರಿನದ್ದು ಈಗಾಗಲೇ ಉಂಟು" ಎಂದು ಎಚ್ಚರಿಸುವ ವರ್ಡು, ಮ್ಯಾಕ್ರೋ ಉಳಿಸುವಾಗ ತುಟಿ ಬಿಚ್ಚುವುದಿಲ್ಲ.

ಆರು ಲೇಖನಗಳ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಸ್ಮರಣ ಸಂಚಿಕೆಯ ಲೇಖನಗಳನ್ನು ಓದುವವರು ಕಡಿಮೆ. ಏಳನೆಯದು ಅಧ್ಯಕ್ಷರ ಸಂದೇಶ. "ಸಂಘದ ನಿಧಿಯನ್ನು ಇಪ್ಪತ್ತು ವರ್ಷಗಳಿಂದ ಶ್ರದ್ಧೆಯಿಂದ ಬೆಳೆಸಿದ ನಮ್ಮ ಖಜಾಂಚಿಗಳಿಗೆ ಕೃತಜ್ಞತೆಗಳು" ಎಂದಿರಬೇಕಾದಲ್ಲಿ, 'ಬೆಳೆಸಿದ' ಎಂಬುದು 'ಬಳಸಿದ' ಎಂದು ಅಚ್ಚಾಗಿತ್ತು.

ಖಜಾಂಚಿಗಳು ಸಿಟ್ಟಾಗಲಿಲ್ಲ, ಅದೇ ದೊಡ್ಡ ಶಿಕ್ಷೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ, ಆ ಸಾಲನ್ನು ಎರಡು ಸಲ ಓದಿ, "ಎಂತ ಮಾಷ್ಟ್ರೇ ಇದು?" ಎಂದಷ್ಟೇ ಕೇಳಿದರು. ನಾನು ಮೂಲನಾಮ, ಡಾಕ್ಸು, ಚುಕ್ಕೆ ಎಂದು ವಿವರಿಸತೊಡಗಿದೆ. ನನ್ನ ಕಿವಿಗೇ ಅದು ಕಳ್ಳ ಲೆಕ್ಕ ಒಪ್ಪಿಸಿದಂತೆ ಕೇಳಿಸಿತು.

'ಬೆಳೆಸಿದ' ಎಂಬ ಒಂದೇ ಪದವನ್ನು 500 ಚೀಟಿಗಳಲ್ಲಿ ಅಚ್ಚು ಹಾಕಿಸಿ, ಕತ್ತರಿಸಿ, 500 ಪ್ರತಿಗಳಿಗೂ ಕೈಯಿಂದಲೇ ಅಂಟಿಸಿದೆವು. ಖಜಾಂಚಿಗಳು ನನ್ನ ಪಕ್ಕದಲ್ಲೇ ಕುಳಿತು, ಪ್ರತಿಯೊಂದು ಚೀಟಿಯನ್ನೂ ಹೆಬ್ಬೆರಳಿನಿಂದ ಒತ್ತಿ, ಓರೆಯಾಗಿದ್ದರೆ ತೆಗೆಸಿ ಮತ್ತೆ ಅಂಟಿಸಿದರು. ಕೆಲಸ ಮುಗಿದ ಮೇಲೆ ಚೀಲದಿಂದ ಸಂಘದ ಲೆಕ್ಕದ ಪುಸ್ತಕವನ್ನು ಹೊರತೆಗೆದು, ಖರ್ಚಿನ ಬದಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದರು: "ನಿಧಿಯಿಂದ ಬಳಸಿದ್ದು, ಗೋಂದು, 60 ರೂಪಾಯಿ."