ಬಾಟಲಿಗೂ ಒಂದು ಮುಹೂರ್ತ

ಸುಗ್ಗಿಹಬ್ಬವಾದ ಹುತ್ತರಿಗೆ ಕದಿರು ತೆಗೆಯುವ ಹೊತ್ತನ್ನು ನಮ್ಮ ಕೊಡಗಿನಲ್ಲಿ ಯಾರೂ ಅವರವರ ಗದ್ದೆ ನೋಡಿ ನಿರ್ಧರಿಸುವುದಿಲ್ಲ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತಾಗುತ್ತದೆ. ಎಲೆಗಳ ಕಟ್ಟಾದ ‘ನೆರೆ’ ಕಟ್ಟಲು ಇಷ್ಟು ಗಂಟೆ, ಕದಿರಿಗೆ ಇಷ್ಟು, ಊಟಕ್ಕೆ ಇಷ್ಟು ಅಂತ ನಿಮಿಷದ ಲೆಕ್ಕ. ನಿಮ್ಮ ಪೈರು ಆಗಲೇ ಮಾಗಿರಲಿ, ಇನ್ನೂ ಹಸಿರಿರಲಿ, ಆ ಹೊತ್ತಿಗೆ ಕೋವಿ ಢಂ ಎನ್ನಬೇಕು, ‘ಪೊಲಿ ಪೊಲಿ ದೇವಾ’ ಎಂದು ಕೂಗಬೇಕು. ಈ ಪದ್ಧತಿಯಲ್ಲಿ ಎಂಥ ಜಾಣತನವಿದೆ ಎಂದು ನನಗೆ ಹೊಳೆದದ್ದು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ, ಹಳೆಯ ಕೆಂಪು ವೈನಿನ ದೆಸೆಯಿಂದ.

ಬರೋಸಾ ಕಣಿವೆ ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಶಿರಾಜ್ ದ್ರಾಕ್ಷಿಯ ಊರು. ನನ್ನ ಪಕ್ಕದ ಮನೆಯ ಹಿರಿಯರು ನೆಲಮಾಳಿಗೆಯಲ್ಲಿ ಬಾಟಲಿಗಳನ್ನು ಅಡ್ಡ ಮಲಗಿಸಿ ಇಟ್ಟಿದ್ದರು, ಬಿರಡೆ ಒಣಗಬಾರದು ಅಂತ. ಕತ್ತಲೆ, 13 ಡಿಗ್ರಿಯ ಆಸುಪಾಸಿನ ತಂಪು, ಗೋಡೆಗೆ ಒಂದು ತಾಪಮಾಪಕ. ಪ್ರತಿ ಬಾಟಲಿಗೂ ನೋಟುಬುಕ್ಕಿನಲ್ಲಿ ಒಂದು ಸಾಲು: ಯಾವ ವರ್ಷದ್ದು, ಯಾವಾಗಿನಿಂದ ಯಾವಾಗಿನೊಳಗೆ ಕುಡಿಯಬೇಕು. ಪೆನ್‌ಫೋಲ್ಡ್ಸ್ ಕಂಪನಿಯವರಂತೂ 1991ರಿಂದ ಹದಿನೈದು ವರ್ಷ ದಾಟಿದ ತಮ್ಮ ಬಾಟಲಿಗಳಿಗೆ ‘ಕ್ಲಿನಿಕ್’ ನಡೆಸುತ್ತಾರೆ. ತೆಗೆದುಕೊಂಡು ಹೋದರೆ ಪರೀಕ್ಷಿಸಿ, ಬೇಕಿದ್ದರೆ ಬಿಚ್ಚಿ ರುಚಿ ನೋಡಿ, ಕಡಿಮೆಯಾದಷ್ಟು ತುಂಬಿಸಿ ಹೊಸ ಬಿರಡೆ ಹಾಕಿ ಕೊಡುತ್ತಾರೆ. ಮನುಷ್ಯರಿಗೂ ಇಷ್ಟು ಆರೈಕೆ ಸಿಗಲಿಕ್ಕಿಲ್ಲ.

ಇಷ್ಟೆಲ್ಲ ಮಾಡಿ ಆ ಹಿರಿಯರು ತೆರೆದದ್ದು ಕಡಿಮೆ. ‘ಇನ್ನೆರಡು ವರ್ಷ ಬಿಟ್ಟರೆ ಇನ್ನೂ ಚೆನ್ನಾಗಿರುತ್ತೆ’ ಎನ್ನುತ್ತಲೇ ಇದ್ದರು. ಕೊನೆಗೆ ಡಾಕ್ಟರು ಕುಡಿತ ಪೂರ್ತಿ ನಿಲ್ಲಿಸಿ ಎಂದರು.

ಊರಿನಲ್ಲಿ ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ. ಅಲ್ಲಿ ಅಮ್ಮನ ವೈನಿಗೆ ನೋಟುಬುಕ್ಕಿಲ್ಲ. ನೆಲ್ಲಿಕಾಯಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಯೀಸ್ಟ್ ಎಲ್ಲ ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಲ್ಲಿ ತಿರುವಿ, 21 ದಿನಕ್ಕೆ ಸೋಸುತ್ತಾರೆ. ಒಗರು ಇಳಿಯಲಿ ಅಂತ ಒಂದೆರಡು ಬಾಟಲಿ ಬಚ್ಚಿಡುವುದುಂಟು. ಆದರೆ ನೆಂಟರು ಬಂದರೆ ಮುಗಿಯಿತು. ಮುಂದಿನ ನೆಲ್ಲಿಕಾಯಿ ಬರುವಷ್ಟರಲ್ಲಿ ಬಾಟಲಿ ಖಾಲಿ.

ಹೀಗಿರುವ ಮನೆಗೆ ನಾನು 2006ರಲ್ಲಿ ಒಂದು 1998ರ ಬರೋಸಾ ಶಿರಾಜ್ ತಂದುಕೊಟ್ಟೆ. ಅದು ಅಲ್ಲಿ ಹೆಸರುವಾಸಿಯಾದ ವರ್ಷ. ‘ಅಮ್ಮಾ, ಇದನ್ನು ಹಾಗೇ ಇಟ್ಟಿರು, ಹಳೆಯದಾದಷ್ಟೂ ಒಳ್ಳೆಯದು’ ಎಂದೆ. ತಪ್ಪು ನನ್ನದೇ. ಹಳೆಯದಾದಷ್ಟೂ ಒಳ್ಳೆಯದು ಅಂದರೆ ಕೊಡಗಿನಲ್ಲಿ ನೆನಪಾಗುವುದು ಕಾಚಂಪುಳಿ, ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ. ಅಮ್ಮ ಅದನ್ನು ಕಾಚಂಪುಳಿ ಬಾಟಲಿಯ ಪಕ್ಕದಲ್ಲೇ, ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ನೆಟ್ಟಗೆ ನಿಲ್ಲಿಸಿದರು. ಆರು ಬೇಸಿಗೆ ಅಲ್ಲೇ ಬೆಂದಿತು. 2012ರ ಹುತ್ತರಿಗೆ ತೆರೆದರೆ ಬಿರಡೆ ಪುಡಿಪುಡಿ, ಬಣ್ಣ ಕಾಫಿ ಕಷಾಯದ್ದು, ವಾಸನೆ ಮೂಗಿಗೆ ಹೊಡೆಯುವ ಹುಳಿ. ದೊಡ್ಡಪ್ಪ ಒಂದು ಗುಟುಕು ಕುಡಿದು, ‘ಇದನ್ನು ವಿಮಾನದಲ್ಲಿ ತಂದೆಯೇನೋ?’ ಎಂದರು. ಅಮ್ಮ ಉಳಿದದ್ದನ್ನು ಹಂದಿ ಸಾರಿಗೆ ಸುರಿದರು. ಕಾಚಂಪುಳಿ ಉಳಿಯಿತು.

ಕೆಂಪು ವೈನ್ ಮಾಗುವುದೆಂದರೆ ಮುಖ್ಯವಾಗಿ ಅದರ ಒಗರು ಇಳಿಯುವುದು. ಸಿಪ್ಪೆ, ಬೀಜಗಳಿಂದ ಬಂದ, ಟ್ಯಾನಿನ್ ಎಂಬ ಒಗರಿನ ಅಂಶ ವರ್ಷಗಟ್ಟಲೆ ಒಂದಕ್ಕೊಂದು ಅಂಟಿಕೊಂಡು ಮೆದುವಾಗುತ್ತದೆ, ಒಂದಿಷ್ಟು ಗಷ್ಟಾಗಿ ತಳ ಸೇರುತ್ತದೆ. ನೇರಳೆ ಬಣ್ಣ ಹೆಂಚಿನ ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ವಾಸನೆ ಹಿಂದೆ ಸರಿದು ಚರ್ಮ, ಒಣ ಎಲೆ, ಹೊಗೆಸೊಪ್ಪಿನ ವಾಸನೆ ಮುಂದೆ ಬರುತ್ತದೆ. ಆದರೆ ಈ ಭಾಗ್ಯ ಎಲ್ಲ ವೈನಿಗೂ ಇಲ್ಲ. ಅಂಗಡಿಯಲ್ಲಿ ಸಿಗುವ ಬಹುಪಾಲು ವೈನ್ ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಲಿಕ್ಕೇ ಮಾಡಿದ್ದು. ಮಾಗುವಂಥದ್ದೂ ಒಂದು ಎತ್ತರ ಮುಟ್ಟಿ, ಕೆಲವು ವರ್ಷ ಅಲ್ಲೇ ನಿಂತು, ಆಮೇಲೆ ಇಳಿಯುತ್ತದೆ. ಇಳಿಯಲು ಶುರುವಾದದ್ದು ಹೊರಗಿನಿಂದ ಕಾಣಿಸುವುದಿಲ್ಲ. ಬಾಟಲಿಯ ಕತ್ತಿನಲ್ಲಿರಬೇಕಾದ ವೈನಿನ ಮಟ್ಟ ಅದರ ಭುಜಕ್ಕೆ ಇಳಿದಿದ್ದರೆ ಅನುಮಾನಪಡಬಹುದು, ಅಷ್ಟೆ.

ಹಾಗಾಗಿ ನನ್ನ ಮಟ್ಟಿಗೆ ಒಂದೇ ಒಂದು ಬಾಟಲಿ ಕೊಂಡು ವರ್ಷಗಟ್ಟಲೆ ಕಾಯುವುದು ಜೂಜು. ಆರು ಕೊಂಡು, ಐದನೇ ವರ್ಷದಿಂದ ಎರಡು ವರ್ಷಕ್ಕೊಂದು ತೆರೆದರೆ ವೈನ್ ತಾನೇ ತನ್ನ ಸ್ಥಿತಿ ಹೇಳುತ್ತದೆ. ಸ್ವಲ್ಪ ಬೇಗ ತೆರೆದ ವೈನನ್ನು ಜಗ್ಗಿಗೆ ಬಗ್ಗಿಸಿ ಒಂದು ಗಂಟೆ ಗಾಳಿಗೆ ಬಿಟ್ಟರೆ ಅದು ದಾರಿಗೆ ಬರುತ್ತದೆ. ತಡವಾಗಿ ತೆರೆದದ್ದಕ್ಕೆ ಹಂದಿ ಸಾರೇ ಗತಿ.

ಈಗ ನಾನು ಪ್ರತಿ ಬಾಟಲಿಯ ಕತ್ತಿಗೂ ದಾರದಲ್ಲಿ ಒಂದು ಚೀಟಿ ಕಟ್ಟುತ್ತೇನೆ. ಪಕ್ಕದ ಮನೆಯವರ ಹಾಗೆ ‘ಇಂದಿನಿಂದ ಅಂದಿನವರೆಗೆ’ ಅಂತಲ್ಲ. ಒಂದು ದಿನ, ಒಂದು ಹೆಸರು. ಮಗಳ ಡಿಗ್ರಿ ಮುಗಿದ ದಿನ. ತಂಗಿಯ ಗೃಹಪ್ರವೇಶ. ಆ ದಿನ ಬಂದರೆ ಮಾಗಿದೆಯೋ ಇಲ್ಲವೋ, ಬಿರಡೆ ಎಳೆಯುವುದೇ. ಅಡಿಲೇಡಿನ ಗೆಳೆಯರಿಗೆ ಇದು ಅಪಚಾರದ ಹಾಗೆ ಕಾಣುತ್ತದೆ. ಇಗ್ಗುತ್ತಪ್ಪನ ಮುಹೂರ್ತದ ಕತೆ ಹೇಳಿದರೆ ನಗುತ್ತಾರೆ, ಆದರೆ ಲೋಟ ಮುಂದೆ ಚಾಚುತ್ತಾರೆ.

2010ರ ಬರೋಸಾದಲ್ಲಿ ಎರಡು ಬಾಟಲಿ ಉಳಿದಿವೆ. ಇಂಡಿಯಾಕ್ಕೆ ಸುಂಕವಿಲ್ಲದೆ ಎರಡು ಲೀಟರ್ ತರಬಹುದು, ಎರಡೂ ಸೇರಿ ಒಂದೂವರೆ. ಚೀಟಿಯಲ್ಲಿ ‘ಮುಂದಿನ ಹುತ್ತರಿ, ಅಮ್ಮ’ ಎಂದು ಬರೆದಿದ್ದೇನೆ. ಪ್ರಯಾಣದಲ್ಲಿ ಗಷ್ಟು ಕದಡಿರುತ್ತದೆ, ಹತ್ತು ದಿನ ಮೊದಲೇ ಬಂದು ತಂಪಾದ ಕಡೆ ಅಲುಗಾಡದ ಹಾಗೆ ಇಡಬೇಕು ಎಂದು ಫೋನಿನಲ್ಲಿ ಹೇಳಿದೆ. ‘ಭತ್ತದ ಕೋಣೆಯಲ್ಲಿ ಜಾಗ ಮಾಡಿರ್ತೇನೆ, ಬಾ. ಆದರೆ ಮೊದಲು ನನ್ನ ನೆಲ್ಲಿಕಾಯಿದು, ನಿನ್ನದು ಆಮೇಲೆ’ ಎಂದರು.